ಹಾಜರಿ ಪುಸ್ತಕದ ನಾಲ್ಕು ಬಸವರಾಜರು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, “ನೀವು ಸಾಫ್ಟ್‌ವೇರ್‌ನೋರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳ್ರಿ” ಅಂದರು. ಹೇಳುತ್ತೇನೆ. ಆದರೆ ಕಂಪ್ಯೂಟರಿನ ಮುಂದೆ ಕುಳಿತ ತಕ್ಷಣ ಅದು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? “ನಿಮ್ಮ ಹೆಸರೇನು?” ಈ ಸಣ್ಣ ಪ್ರಶ್ನೆಗೆ ಉತ್ತರ ಬರೆಯುವಲ್ಲಿಯೇ ನಮ್ಮ ಕಡೆಯ ಎಷ್ಟೋ ಮಂದಿ ಒದ್ದಾಡುತ್ತಾರೆ. ಹಾಗಾಗಿ ಇವತ್ತು ನನ್ನ ವಿಷಯ ಹೆಸರು. ನನ್ನ ಹೆಸರು ಬಸವರಾಜ. ಉದಾಹರಣೆಗೆ ಅದನ್ನೇ ತೆಗೆದುಕೊಳ್ಳುತ್ತೇನೆ.

ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ನಾಲ್ಕು ಮಂದಿ ಬಸವರಾಜರಿದ್ದೆವು. ಗುರುಗಳು ಬರೀ “ಬಸವರಾಜ” ಎಂದರೆ ನಾಲ್ಕು ಮೂಲೆಯಿಂದ “ಎಸ್ ಸಾರ್” ಬರುತ್ತಿತ್ತು. ಅದಕ್ಕೆ ಗುಂಜಳ್ಳಿಯಿಂದ ಬರುವವನು ಗುಂಜಳ್ಳಿ ಬಸವರಾಜನಾದ, ಪುಚ್ಚಲದಿನ್ನಿಯವನು ಪುಚ್ಚಲದಿನ್ನಿ ಬಸವರಾಜನಾದ. ಊರಿನವರೇ ಇಬ್ಬರು ಉಳಿದೆವು. ಒಬ್ಬ ಉದ್ದ ಬಸವರಾಜ, ಇನ್ನೊಬ್ಬ ಗಿಡ್ಡ ಬಸವರಾಜ. ನಾನು ಯಾವ ಬಸವರಾಜ ಎಂದು ಈಗ ನನ್ನನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಆಗ ನನಗೆ ಈ ಹೆಸರಿನ ಬಗ್ಗೆ ಸ್ವಲ್ಪ ಬೇಸರವೇ ಇತ್ತು. ಸಿನಿಮಾದಲ್ಲಿ ಬರುವಂಥ ಹೆಸರು ಇಡಬಾರದಿತ್ತೇ ಎಂದು ಅವ್ವನನ್ನು ಕೇಳಿದ್ದೆ. “ಅದು ನಿಮ್ಮ ತಾತನ ಹೆಸರು, ಸುಮ್ಮನಿರು” ಎಂದಿದ್ದಳು. ತಾತನ ಹೆಸರು ಆಗಿದ್ದರಿಂದಲೇ ನಮ್ಮ ಅಜ್ಜಿ ನನ್ನನ್ನು ಒಮ್ಮೆಯೂ ಬಸವರಾಜ ಎಂದು ಕರೆಯಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಗೆ ತರುವುದು? ಸಾಯುವವರೆಗೂ ನನ್ನನ್ನು “ಯಪ್ಪಾ” ಎಂದೇ ಕರೆದಳು. ನಮ್ಮ ಭಾಗದಲ್ಲಿ ಹಿರಿಯರ ಹೆಸರು ಹೊತ್ತ ಎಷ್ಟೋ ಮಕ್ಕಳಿಗೆ ಈ ಮರ್ಯಾದೆ ಸಿಕ್ಕಿದೆ.

ಬಸವ ಎಂಬುದು ಸಂಸ್ಕೃತದ ವೃಷಭ ಎಂಬ ಮಾತಿನ ತದ್ಭವ. ಎಂಟನೇ ತರಗತಿಯ ವ್ಯಾಕರಣದಲ್ಲಿ ತತ್ಸಮ ತದ್ಭವ ಓದಿದವರಿಗೆ ನೆನಪಿರಬಹುದು. ಅರ್ಥ ಎತ್ತು, ಗೂಳಿ. ಒಕ್ಕಲುತನ ಮಾಡುವ ನಾಡಿನಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೇನಿದೆ? ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ನಾವು ಕೈಮುಗಿಯುವುದು ಅದಕ್ಕೇ. ಆ ಹೆಸರನ್ನು ಮನೆಮನೆಯ ಹೆಸರು ಮಾಡಿದವರು 12ನೇ ಶತಮಾನದ ಬಸವಣ್ಣನವರು. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾದವರು. ಅವರ ಕಥೆಯನ್ನು 13ನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ. 1369ರಲ್ಲಿ ಭೀಮಕವಿ ಕನ್ನಡದಲ್ಲಿ ಬರೆದ. ಎರಡೂ ಭಾಷೆ ಆಡುವ ನಮ್ಮ ಗಡಿಯ ಊರುಗಳಲ್ಲಿ ಬಸವ ಎಂಬ ಹೆಸರು ಇಷ್ಟು ಬೇರು ಬಿಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ.

ಈ ಹೆಸರು ಹೊತ್ತವರು ಯಾರ್‍ಯಾರಿದ್ದಾರೆ ನೋಡಿ. 18ನೇ ಶತಮಾನದ ಆರಂಭದಲ್ಲಿ ಕೆಳದಿಯನ್ನು ಆಳಿದ ಬಸವಪ್ಪ ನಾಯಕ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದ ರಾಜ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು (1843-1891) ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಮೈಸೂರು ಸಂಸ್ಥಾನದ ನಾಡಗೀತೆ ಬರೆದವರೂ ಅವರೇ. 1917ರಲ್ಲಿ ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರು, ಪದ್ಮಭೂಷಣರು. ಬಸವರಾಜ ಕಟ್ಟೀಮನಿ ಬೆಳಗಾವಿ ಜಿಲ್ಲೆಯ ಕಾದಂಬರಿಕಾರರು. 1980ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಗಟ್ಟಿಯಾಗಿ ನಿಂತ ಮಂತ್ರಿ ಬಿ. ಬಸವಲಿಂಗಪ್ಪನವರು. ಹೆಣ್ಣುಮಕ್ಕಳಲ್ಲಿ ಬಸವರಾಜೇಶ್ವರಿಯವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದರು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು 1980ರಲ್ಲಿ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಬಂದು ಮುಂದೆ ಅದರ ಸಭಾಪತಿಗಳಾದರು. 2021ರಲ್ಲಿ ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿಯವರು ನನ್ನ ಹಾಗೆ ಬಿ.ಇ. ಓದಿದವರು. ರಾಜ, ಕವಿ, ಗಾಯಕ, ಕಾದಂಬರಿಕಾರ, ಮೇಷ್ಟ್ರು, ಎಂಜಿನಿಯರ್ ಎಲ್ಲರೂ ಇದ್ದಾರೆ. ಹಾಜರಿ ಪುಸ್ತಕದಲ್ಲಿ ನಾಲ್ಕು ಸಲ ಬರುವ ಹೆಸರು ಸಾಧಾರಣ ಹೆಸರು ಎಂದು ಇನ್ನು ಮೇಲೆ ಯಾರೂ ಅಂದುಕೊಳ್ಳಬೇಡಿ.

ಈ ಎಲ್ಲರ ಸಾಲಿಗೆ ನಮ್ಮ ಅಕ್ಕಪಕ್ಕದ ಊರಿನ ಮೂವರನ್ನು ಸೇರಿಸುತ್ತೇನೆ. ಅವರ ಹೆಸರು ಬಸವರಾಜ ಅಲ್ಲ, ಆದರೆ ಹೆಸರಿನ ಬಗ್ಗೆ ಅವರು ಒಂದು ಮಾತು ಕಲಿಸುತ್ತಾರೆ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ದಾಸಪ್ಪ ವಿಜಯದಾಸರಾದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಭಾಗಣ್ಣ ಗೋಪಾಲದಾಸರಾದರು. ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ತಂದೆತಾಯಿ ಕೊಟ್ಟ ಹೆಸರು ಒಂದು, ದಾಸದೀಕ್ಷೆಯಲ್ಲಿ ಪಡೆದ ಹೆಸರು ಇನ್ನೊಂದು. ನಮಗೂ ಹಾಗೆಯೇ. ಮನೆಯಲ್ಲಿ ಬಸ್ಯಾ, ಬಸು, ಬಸಣ್ಣ ಆಗಿದ್ದವನನ್ನು ಒಂದನೇ ತರಗತಿಯ ಗುರುಗಳು ದಾಖಲಾತಿ ಪುಸ್ತಕದಲ್ಲಿ ‘ಬಸವರಾಜ’ ಎಂದು ಬರೆದರು. ಆವತ್ತಿನಿಂದ ಸರಕಾರದ ಪಾಲಿಗೆ ನಾನು ಆ ಹೆಸರಿನವನು.

ಈ ಹೆಸರಿಗೆ ಇಟಲಿಯಲ್ಲಿ ಒಬ್ಬ ಅಣ್ಣತಮ್ಮ ಇದ್ದಾನೆ ಎಂದರೆ ನಗುತ್ತೀರಿ. ಅಲ್ಲಿ ಲಿಯೊನಾರ್ಡೊ ಎಂಬ ಗಂಡು ಹೆಸರಿದೆ. ಸಿಂಹದಂಥ ಗಟ್ಟಿಗ ಎಂದು ಅರ್ಥ. ನಮ್ಮದು ಎತ್ತು, ಅವರದು ಸಿಂಹ. ಮೋನಾಲಿಸಾ ಚಿತ್ರ ಬರೆದ ಲಿಯೊನಾರ್ಡೊ ಡ ವಿಂಚಿ 1452ರಲ್ಲಿ ಹುಟ್ಟಿದವನು. ‘ಡ ವಿಂಚಿ’ ಅವನ ಅಡ್ಡಹೆಸರು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಊರ ಹೆಸರು, ವಿಂಚಿಯವನು ಎಂದರ್ಥ. ಅವನ ಪೂರ್ತಿ ಹೆಸರನ್ನು ನಮ್ಮ ತಹಶೀಲ್ ಕಚೇರಿಯ ಕನ್ನಡದಲ್ಲಿ ಬರೆದರೆ ‘ಲಿಯೊನಾರ್ಡೊ ತಂದೆ ಪಿಯೆರೊ, ಸಾ॥ ವಿಂಚಿ’ ಎಂದಾಗುತ್ತದೆ! ಅವನಿಗಿಂತ ಎರಡೂವರೆ ಶತಮಾನ ಮೊದಲು ಪೀಸಾ ಊರಿನಲ್ಲಿ ಇನ್ನೊಬ್ಬ ಲಿಯೊನಾರ್ಡೊ ಇದ್ದ. ಫಿಬೊನಾಚಿ ಎಂದು ಗಣಿತದ ಗುರುಗಳಿಗೆ ಅವನ ಪರಿಚಯವಿದೆ. 1202ರಲ್ಲಿ ಪುಸ್ತಕ ಬರೆದು, ಸೊನ್ನೆ ಸೇರಿದ ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಯುರೋಪಿನ ಜನಕ್ಕೆ ಕಲಿಸಿದವನು. ಇಬ್ಬರನ್ನೂ ಗುರುತಿಸಲು ಜನ ಮಾಡಿದ್ದೇನು? ನಮ್ಮ ಗುರುಗಳು ಮಾಡಿದ್ದನ್ನೇ. ವಿಂಚಿ ಲಿಯೊನಾರ್ಡೊ, ಪೀಸಾ ಲಿಯೊನಾರ್ಡೊ. ಗುಂಜಳ್ಳಿ ಬಸವರಾಜ, ಪುಚ್ಚಲದಿನ್ನಿ ಬಸವರಾಜ.

ಈಗ ಕಂಪ್ಯೂಟರಿಗೆ ಬರೋಣ. ಅರ್ಜಿಯಲ್ಲಿ ಎರಡು ಖಾಲಿ ಮನೆ ಇರುತ್ತವೆ, ಮೊದಲ ಹೆಸರು ಮತ್ತು ಕೊನೆಯ ಹೆಸರು. ಎರಡನ್ನೂ ತುಂಬದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಪಾಟೀಲ, ನಾಯಕ, ದೇಸಾಯಿ ಎಂದು ಮನೆತನದ ಹೆಸರು ಬರೆಸಿದವರಿಗೆ ತೊಂದರೆ ಇಲ್ಲ. ಹೊಲದಲ್ಲಿ ಕೂಲಿ ಮಾಡುವ ಅಪ್ಪ ಮಗನಿಗೆ ಬರೀ ಬಸವರಾಜ ಎಂದೋ, ಹುಸೇನಪ್ಪ ಎಂದೋ ಬರೆಸಿರುತ್ತಾನೆ. ಹುಸೇನಪ್ಪ ಎಂಬ ಹೆಸರೂ ನಮ್ಮ ಮೊಹರಂ ಕೊಟ್ಟ ಸೊಬಗಿನ ಹೆಸರು. ಇಂಥ ಒಂಟಿ ಹೆಸರಿನವರು ಕೊನೆಯ ಹೆಸರಿನ ಮನೆಯಲ್ಲಿ ಏನು ಬರೆಯಬೇಕು?

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. 2022ರ ನವೆಂಬರಿನಲ್ಲಿ ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನವು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ಪ್ರವಾಸಿ ವೀಸಾದ ಮೇಲೆ ಬಿಟ್ಟುಕೊಳ್ಳುವುದಿಲ್ಲ ಎಂದು ಸಾರಿತು. ದುಡಿಯಲು ಹೊರದೇಶಕ್ಕೆ ಹೊರಟವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ನನ್ನ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರಿತ್ತು. ಹೊರದೇಶದ ಒಂದು ಕಚೇರಿಯಲ್ಲಿ ಸ್ವಾಗತದ ಮೇಜಿನ ಹುಡುಗಿ ನನ್ನ ಗುರುತಿನ ಚೀಟಿ ನೋಡಿ “ಮಿಸ್ಟರ್ ಫ್ನು” ಎಂದು ಕರೆದಳು. ಪಾಪ, ಅವಳದೇನು ತಪ್ಪಿಲ್ಲ. ಮುತ್ತಾತನ ಕಾಲದಿಂದ ಬಂದ ಹೆಸರು ಹೊತ್ತವನು ಅಲ್ಲಿ ಹೆಸರೇ ತಿಳಿಯದವನಾಗಿ ನಿಂತಿದ್ದೆ.

ಎರಡನೆಯ ತೊಡಕು ಇಂಗ್ಲಿಷ್ ಕಾಗುಣಿತದ್ದು. ಕನ್ನಡದಲ್ಲಿ ಬಸವರಾಜ ಎಂದು ಬರೆಯಲು ಒಂದೇ ದಾರಿ. ಇಂಗ್ಲಿಷಿನಲ್ಲಿ ‘ಸ’ ಆದ ಮೇಲೆ ‘ಎ’ ಹಾಕುವವರಿದ್ದಾರೆ, ಬಿಡುವವರಿದ್ದಾರೆ. ‘ವ’ಕ್ಕೆ ಕೆಲವರು ‘ವಿ’, ಕೆಲವರು ‘ಡಬ್ಲ್ಯು’. ಕೊನೆಗೆ ‘ಎ’ ಇಡುವವರು, ಇಡದವರು. ಎರಡು ಸಲ ಎರಡು ಸಲ ಎರಡು, ಒಟ್ಟು 8 ಬಸವರಾಜ! ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗದಲ್ಲಿ ‘ಡಬ್ಲ್ಯು’ ಬರೆಯುವ ರೂಢಿ ಹೆಚ್ಚು. ಆಗಿನ ಕಚೇರಿ ಭಾಷೆಯಾಗಿದ್ದ ಉರ್ದುವಿನಲ್ಲಿ ಎರಡಕ್ಕೂ ‘ವಾವ್’ ಎಂಬ ಒಂದೇ ಅಕ್ಷರ. ಕಂಪ್ಯೂಟರಿಗೆ ಈ ಇತಿಹಾಸ ಗೊತ್ತಿಲ್ಲ. ಒಂದು ಅಕ್ಷರ ಬೇರೆಯಾದರೆ ಅದಕ್ಕೆ ಮನುಷ್ಯನೇ ಬೇರೆ.

ಒಂದೇ ಥರ ಕೇಳುವ ಹೆಸರುಗಳನ್ನು ಹುಡುಕಲು ಅಮೆರಿಕದಲ್ಲಿ ‘ಸೌಂಡೆಕ್ಸ್’ ಎಂಬ ಉಪಾಯ ಕಂಡುಹಿಡಿದರು. 1918ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸ್ವರ ಬಿಟ್ಟು ವ್ಯಂಜನಗಳಿಗೆ ಅಂಕಿ ಕೊಡುವುದು ಅದರ ಕ್ರಮ. ಅದರ ಪ್ರಕಾರ ‘ವಿ’ ಹಾಕಿದ ಬಸವರಾಜನ ಸಂಕೇತ ಬಿ-216, ‘ಡಬ್ಲ್ಯು’ ಹಾಕಿದ ಬಸವರಾಜನದು ಬಿ-262. ಆ ಉಪಾಯಕ್ಕೆ ‘ವಿ’ ಒಂದು ಅಂಕಿ, ‘ಡಬ್ಲ್ಯು’ ಲೆಕ್ಕಕ್ಕೇ ಇಲ್ಲ. ನಮ್ಮ ಕಿವಿಗೆ ಒಂದೇ ಆದದ್ದು ಅದರ ಕಿವಿಗೆ ಎರಡು. ಅದನ್ನು ಮಾಡಿದವರು ತಮ್ಮ ನೆರೆಹೊರೆಯ ಹೆಸರುಗಳನ್ನು ನೋಡಿ ಮಾಡಿದರು. ಯರಗೇರಾದ ಹಾಜರಿ ಪುಸ್ತಕ ಅವರ ಮುಂದೆ ಇರಲಿಲ್ಲ. ಮಕ್ಕಳೆ, ನಿಮ್ಮಲ್ಲಿ ಕೆಲವರಾದರೂ ಈ ಕೆಲಸಕ್ಕೆ ಬರಬೇಕು ಎಂದು ನಾನು ಆಸೆಪಡುವುದು ಇದಕ್ಕೇ. ಅರ್ಜಿ ತಯಾರಿಸುವ ಕೋಣೆಯಲ್ಲಿ ನಮ್ಮ ಕಡೆಯವರೊಬ್ಬರು ಕುಳಿತಿದ್ದರೆ, “ಒಂದೇ ಹೆಸರಿನವರು ಏನು ಮಾಡಬೇಕ್ರಿ?” ಎಂದು ಕೇಳುತ್ತಾರೆ. ನಾನು ಪ್ರತಿ ಹೊಸ ಕೆಲಸದಲ್ಲಿ ಅದನ್ನು ಕೇಳುತ್ತೇನೆ. ಕೆಲವು ಸಲ ಆ ಖಾಲಿ ಮನೆಯ ಕಡ್ಡಾಯ ತೆಗೆಸಿದ್ದೇನೆ.

ಇನ್ನು ಮೂರು ಬಿನ್ನಹ.

ಗುರುಗಳಲ್ಲಿ: ಹತ್ತನೇ ತರಗತಿಯ ಪರೀಕ್ಷೆಗೆ ಮಕ್ಕಳ ವಿವರ ಕಳಿಸುವ ಮೊದಲು, ಮಗುವನ್ನೂ ತಂದೆತಾಯಿಯನ್ನೂ ಕೂರಿಸಿ ಹೆಸರನ್ನು ಎರಡೂ ಭಾಷೆಯಲ್ಲಿ ಅಕ್ಷರ ಅಕ್ಷರ ಓದಿಸಿ. ಅಂಕಪಟ್ಟಿಯಲ್ಲಿ ಬಂದ ಹೆಸರೇ ಜೀವನಪೂರ್ತಿ ಹಿಂದೆ ಬರುತ್ತದೆ. ನಿಮ್ಮ ಐದು ನಿಮಿಷ ಅವರ ಐದು ವರ್ಷದ ಓಡಾಟ ಉಳಿಸುತ್ತದೆ.

ತಂದೆತಾಯಂದಿರಲ್ಲಿ: 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮುಂದೆ ಪಾಸ್‌ಪೋರ್ಟ್ ಮಾಡಿಸಲು ಜನನ ಪ್ರಮಾಣ ಪತ್ರವೇ ಹುಟ್ಟಿದ ದಿನದ ಆಧಾರ. ಹೆಸರಿಡುವ ಮೊದಲೇ ಪತ್ರ ತಂದು ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ, ಹೋಗಿ ಬರೆಸಿರಿ. ಆಧಾರ್, ಶಾಲೆ, ಬ್ಯಾಂಕು ಎಲ್ಲ ಕಡೆ ಅದೇ ಅಕ್ಷರ ಇರಲಿ. ಒಂಟಿ ಹೆಸರಿದ್ದರೆ ತಂದೆಯದೋ ತಾಯಿಯದೋ ಊರಿನದೋ ಹೆಸರನ್ನು ಜೊತೆಗೆ ಮೊದಲೇ ಸೇರಿಸಿರಿ.

ಮಕ್ಕಳಲ್ಲಿ: ನಾಳೆ ನೀವು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತೀರಿ. ಅಲ್ಲಿ ಯಾರಾದರೂ, “ನಿನ್ನ ಹೆಸರು ಉದ್ದ ಆಯ್ತು, ರಾಜ್ ಅಂತ ಕರೀಲಾ?” ಎನ್ನುತ್ತಾರೆ. ನನಗೂ ಹಾಗೆಂದರು. “ನಾಲ್ಕೇ ದಿನ ಕಷ್ಟ, ಐದನೇ ದಿನ ನಾಲಿಗೆ ತಾನೇ ಹೊರಳುತ್ತದೆ” ಎಂದು ಹೇಳಿದೆ. ಹಾಗೆಯೇ ಆಯಿತು. ಈಗ ದೂರದೇಶದವರೂ ಫೋನಿನಲ್ಲಿ ನನ್ನನ್ನು ಬಸವರಾಜ ಎಂದು ಪೂರ್ತಿ ಕರೆಯುತ್ತಾರೆ. ಹುಸೇನಪ್ಪ, ಹುಲಿಗೆಮ್ಮ, ಮಾರೆಪ್ಪ, ರಾಘವೇಂದ್ರ, ಖಾಜಾಬಿ, ಯಾವ ಹೆಸರೇ ಇರಲಿ, ತಲೆ ಎತ್ತಿ ಹೇಳಿರಿ.

ಊರ ಪಕ್ಕದ ವಿಶ್ವವಿದ್ಯಾಲಯಕ್ಕೆ ಆದಿಕವಿ ವಾಲ್ಮೀಕಿಯ ಹೆಸರಿದೆ. ನಮ್ಮ ಶಾಲೆಗೆ ಯಾರ ಹೆಸರೂ ಇಲ್ಲ. ಸರಕಾರಿ ಪ್ರೌಢಶಾಲೆ, ಯರಗೇರಾ, ಅಷ್ಟೇ. ಆದರೆ 50 ವರ್ಷದ ದಾಖಲಾತಿ ಪುಸ್ತಕಗಳಲ್ಲಿ ಇರುವ ಪ್ರತಿಯೊಂದು ಹೆಸರೂ ಈ ಶಾಲೆಯದೇ. ಆ ಪುಸ್ತಕಗಳನ್ನು ಗೆದ್ದಲು ತಿನ್ನದಂತೆ ಕಾಪಾಡಿಕೊಂಡು ಬಂದ ಎಲ್ಲ ಮುಖ್ಯ ಗುರುಗಳಿಗೆ, ಗುಮಾಸ್ತರಿಗೆ, ಜವಾನರಿಗೆ ಕೈಮುಗಿದು ನನ್ನ ಮಾತು ಮುಗಿಸುತ್ತೇನೆ.