ಗುಂಡಿಯೊಳಗಿನ ಹೆಪ್ಪು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ವರ್ಷ ನಾವು ನಾಲ್ಕು ಮನೆಯವರು ಸೇರಿ ತುಂಬಿದ ರಸಮೇವಿನ ಗುಂಡಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಬೇಸಿಗೆಯಲ್ಲಿ ಟಾರ್ಪಾಲು ತೆಗೆದರೆ ಗಬ್ಬು ನಾತ! ಹಸುಗಳು ಮೂತಿ ಸಹ ಇಡಲಿಲ್ಲ. ‘ಪುಡಿ ಹಾಕಿದ್ರಲ್ಲ, ಯಾಕ್ ಹಿಂಗಾಯ್ತು?’ ಎಂದು ಕೇಳದವರಿಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ನಾವು ತಿಳಿದುಕೊಂಡಷ್ಟನ್ನು ಇಲ್ಲಿ ಹೇಳುತ್ತೇವೆ.

ಆ ಪುಡಿ ಔಷಧಿಯಲ್ಲ, ಹೆಪ್ಪು. ಅದರಲ್ಲಿರುವುದು ಜೀವಂತ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಗಾಳಿಯಾಡದ ಗುಂಡಿಯಲ್ಲಿ ಅವು ಮೇವಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಪಿಎಚ್ 4ರ ಹತ್ತಿರಕ್ಕೆ ಇಳಿದರೆ ಕೊಳೆಸುವ ಕ್ರಿಮಿಗಳ ಆಟ ನಡೆಯುವುದಿಲ್ಲ. ಫಿನ್ಲೆಂಡಿನ ವಿರ್ಟಾನೆನ್ ಎಂಬ ವಿಜ್ಞಾನಿ ಹೊರಗಿನಿಂದಲೇ ಆಮ್ಲ ಸುರಿದು ಹಸಿ ಮೇವು ಕಾಪಾಡುವ ವಿಧಾನ ಕಂಡುಹಿಡಿದರು. 1945ರ ನೊಬೆಲ್ ಬಹುಮಾನ ಬಂದದ್ದು ಈ ಬಗೆಯ ಕೆಲಸಕ್ಕೇ. ಮೇವು ಕೆಡದಂತೆ ಇಡುವುದು ಅಷ್ಟು ದೊಡ್ಡ ವಿಷಯ ನೋಡಿ.

ಹುಳಿ ಮಾಡುವ ಜೀವಿಗಳೆಲ್ಲ ಒಂದೇ ರೀತಿ ದುಡಿಯುವುದಿಲ್ಲ. ಅದು ಅವುಗಳ ಜೀನ್‌ನಲ್ಲೇ ಬರೆದಿರುತ್ತದೆ. ಆಲ್ಡೊಲೇಸ್ ಎಂಬ ಕಿಣ್ವದ ಜೀನ್ ಇದ್ದರೆ, ಗ್ಲೂಕೋಸಿನ ಒಂದು ಕಣದಿಂದ ಲ್ಯಾಕ್ಟಿಕ್ ಆಮ್ಲದ ಎರಡು ಕಣ, ಏನೂ ಪೋಲಾಗಲ್ಲ. ಅದಿಲ್ಲದವು ಬೇರೆ ದಾರಿ ಹಿಡಿದು ಅರ್ಧ ಹುಳಿ ಮಾಡಿ, ಉಳಿದದ್ದನ್ನು ಗ್ಯಾಸು, ಮದ್ಯಸಾರ ಮಾಡುತ್ತವೆ. ನಮ್ಮ ಹೆಂಗಸರ ಇಡ್ಲಿ ಹಿಟ್ಟು ಉಬ್ಬುವುದು ಇಂಥ ಲ್ಯೂಕೊನೊಸ್ಟಾಕ್‌ನಿಂದಲೇ. ಇಡ್ಲಿಗೆ ಅದು ಬೇಕು. ಗುಂಡಿಯಲ್ಲಿ ಮಾತ್ರ ಗ್ಯಾಸಾಗಿ ಹೋಗುವುದು ನಮ್ಮ ಮೇವೇ.

ಪುಡಿಗಳಲ್ಲಿ ಹೆಚ್ಚಾಗಿ ಬಳಸುವುದು ಪ್ಲಾಂಟಾರಮ್ ಎಂಬ ಜಾತಿ. ಅದರ ಒಂದು ತಳಿಯ ಪೂರ್ತಿ ಜೀನ್ ಬರಹವನ್ನು ನೆದರ್ಲೆಂಡಿನವರು 2003ರಲ್ಲಿ ಪ್ರಕಟಿಸಿದರು: ಸುಮಾರು 33 ಲಕ್ಷ ಅಕ್ಷರ, 3,000ದಷ್ಟು ಜೀನ್. ಸಕ್ಕರೆ ಅರಗಿಸುವ ಜೀನ್‌ಗಳು ಒಂದು ಕಡೆ ಗುಂಪಾಗಿವೆ. ತಳಿಯಿಂದ ತಳಿಗೆ ಹೆಚ್ಚು ಬದಲಾಗುವುದೂ ಅವೇ. ರಾಗಿ ಎಂದರೆ ಸಾಕೇ, ಯಾವ ತಳಿ ಎಂದು ಕೇಳುವುದಿಲ್ಲವೇ? ಪೊಟ್ಟಣದ ಮೇಲೂ ಜಾತಿಯ ಹೆಸರಿನ ಮುಂದಿನ ತಳಿಯ ಗುರುತು ಓದಬೇಕು. ಬುಕ್ನೇರಿ ಎಂಬ ಇನ್ನೊಂದು ಜಾತಿ ಆದ ಹುಳಿಯನ್ನೇ ಒಂದಿಷ್ಟು ವಿನೆಗರಿನ ಆಮ್ಲವಾಗಿ ತಿರುಗಿಸುತ್ತದೆ. ಸ್ವಲ್ಪ ನಷ್ಟವಾದರೂ, ತೆರೆದ ಗುಂಡಿ ಬೇಗ ಬಿಸಿಯೇರಿ ಬೂಷ್ಟು ಹಿಡಿಯುವುದು ತಪ್ಪುತ್ತದೆ.

ಹುಲ್ಲಿನ ನಾರು ಕರಗಿಸುವ ಶಕ್ತಿ ಪ್ಲಾಂಟಾರಮ್‌ಗೆ ಇಲ್ಲ. ಬೆಲ್ಜಿಯಂನಲ್ಲಿ 1989ರಲ್ಲಿ ಅಂಥ ಜೀನ್‌ನ್ನು ಬೇರೆಡೆಯಿಂದ ತಂದು ಸೇರಿಸಿ ತೋರಿಸಿದರು. ಅದು ಪ್ರಯೋಗಶಾಲೆಯ ಮಾತು. ಒಣಗಿದ ಭತ್ತದ ಹುಲ್ಲಿಗೆ ಬರೀ ಪುಡಿ ಚಿಮುಕಿಸಿದರೆ ರಸಮೇವಾಗಲ್ಲ.

ಈಗ ನಮ್ಮ ತಪ್ಪಿಗೆ ಬರೋಣ. ಮಳೆ ನಿಂತ ಮಾರನೇ ದಿನವೇ ಎಳೆಯ ಮುಸುಕಿನ ಜೋಳ ಕಡಿದೆವು. ನೂರಕ್ಕೆ 30ರಿಂದ 35 ಭಾಗ ಒಣ ಅಂಶ ಇರಬೇಕಾದಲ್ಲಿ ನೀರೇ ಸುರಿಯುತ್ತಿತ್ತು. ಹುಳಿ ಏರುವ ಮೊದಲೇ ಕ್ಲಾಸ್ಟ್ರೀಡಿಯಂ ಗೆದ್ದಿತು. ಮೇಲಾಗಿ ಪುಡಿ ಕಲಸಿದ ಬಕೆಟ್ಟು ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲೇ ಇತ್ತು. ಸತ್ತ ಹೆಪ್ಪಿಗೆ ಯಾವ ಜೀನ್ ಇದ್ದರೇನು?

ಈ ಸಲ ಕಾಳು ಗಟ್ಟಿಯಾಗತೊಡಗಿದ ಮೇಲೆ ಕಡಿದು, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿದ್ದೇವೆ. ಶಿವರಾತ್ರಿ ಕಳೆದ ಮೇಲೆ ಗುಂಡಿ ತೆಗೆಯುತ್ತೇವೆ. ಸಂಜೆ ಹಾಲು ಹಾಕಿ ಹೋಗುವಾಗ ಬಂದು ಮೂಸಿ ನೋಡಿ.