ಮಗಳ ಫೋನು ಕಸಿದರೆ ಸಾಲದು



2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆಪ್‌ಗಳು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಹರಾಜಿಗಿಟ್ಟಂತೆ ತೋರಿಸಿದವು. ಎರಡನೆಯ ಪ್ರಕರಣದಲ್ಲಿ ಮುಂಬಯಿ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯಿದ್ದ; ಒಬ್ಬ ಯುವತಿಯೂ ಇದ್ದಳು.

ಇಂಥದ್ದು ನಡೆದಾಗ ‘ಫೋಟೋ ಹಾಕಿದ್ದೇ ತಪ್ಪು’ ಎನ್ನುವವರಿದ್ದಾರೆ. ಕಳವಾದ ಮನೆಯವರನ್ನೇ ಬೈದಂತಾಯಿತು ಇದು. ಹೆದರಿ ಮಗಳ ಓದು ಬಿಡಿಸಿದರೆ ಹರಾಜು ಕೂಗಿದವನೇ ಗೆದ್ದ ಹಾಗೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಜಿಲ್ಲೆಯ ಸಿಇಎನ್ ಠಾಣೆಗೆ ದೂರು ಕೊಡಿ.

ಗಂಡುಮಕ್ಕಳೆ, ನಿಮಗೂ ಒಂದು ಮಾತು. ಯಾವ ಜಾತಿ, ಧರ್ಮದ ಹೆಣ್ಣಿನ ಬಗ್ಗೆಯೇ ಆಗಲಿ, ಅಂಥ ಮೆಸೇಜು ಬಂದರೆ ಮುಂದಕ್ಕೆ ಕಳಿಸಬೇಡಿ. ತಪ್ಪಿ ಬಿದ್ದ ಉಳಿಪೆಟ್ಟು ಅಳಿಸಲಾಗದೆಂದು ನಮ್ಮ ಶಿವಾರಪಟ್ಟಣದ ಶಿಲ್ಪಿಗಳಿಗೆ ಗೊತ್ತು. ನಗುವ ಗೆಳೆಯರ ನಡುವೆ ‘ಇದು ಬೇಡ’ ಎನ್ನಲು ಗಂಡೆದೆ ಬೇಕು. ಅದನ್ನು ಬೆಳೆಸಿಕೊಳ್ಳಿ.