ಪಾಸ್ಕಲ್ ಕಟ್ಟಿದ ಪಣ

ದೇವರಿದ್ದರೆ ನಂಬಿದವನಿಗೆ ಕೊನೆಯಿಲ್ಲದ ಲಾಭ, ಇಲ್ಲದಿದ್ದರೆ ಅಲ್ಪಸ್ವಲ್ಪ ನಷ್ಟ. ಆದ್ದರಿಂದ ನಂಬುವುದೇ ಜಾಣತನ ಎಂದವನು ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪಾಸ್ಕಲ್. ಅರ್ಧಕ್ಕೆ ನಿಂತ ಜೂಜಿನ ಹಣ ಹಂಚುವುದು ಹೇಗೆಂದು 1654ರಲ್ಲಿ ಮತ್ತೊಬ್ಬ ಗಣಿತಜ್ಞ ಫರ್ಮಾ ಜೊತೆ ಪತ್ರಗಳಲ್ಲಿ ಲೆಕ್ಕ ಹಾಕಿ, ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವನೂ ಆತನೇ. ಆದರೆ ನಂಬಿಕೆಯ ಈ ಪಣದ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಲಾಭಕ್ಕಾಗಿ ಕೈಮುಗಿದವನಿಗಿಂತ ಪ್ರಾಮಾಣಿಕವಾಗಿ ಸಂಶಯಪಟ್ಟವನನ್ನೇ ಮೆಚ್ಚುವ ದೇವರಿದ್ದರೆ? ಅಲ್ಲದೆ ಇದೇ ವಾದವನ್ನು ಪ್ರತಿಯೊಂದು ಮತವೂ ತನ್ನ ದೇವರ ಪರವಾಗಿ ಹೂಡಬಹುದಲ್ಲ. ಫ್ರೆಂಚ್ ತತ್ವಜ್ಞಾನಿ ದಿದೆರೋ ಇದನ್ನು ಹಿಂದೆಯೇ ಗುರುತಿಸಿದ್ದ.

ಬೇಕೆಂದ ಕೂಡಲೇ ನಂಬಿಕೆ ಬರುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಪಾಸ್ಕಲ್ ಉತ್ತರ ಕೊಟ್ಟಿದ್ದಾನೆ: ನಂಬಿದವರಂತೆ ನಡೆದುಕೊಳ್ಳಿ, ತೀರ್ಥ ತೆಗೆದುಕೊಳ್ಳಿ, ಪೂಜೆಯಲ್ಲಿ ಪಾಲ್ಗೊಳ್ಳಿ, ಮನಸ್ಸು ತಾನಾಗಿ ಬಾಗುತ್ತದೆ. ಈ ಮಾತಿನ ಬಗ್ಗೆ ನನಗೆ ಗೌರವವಿದೆ, ಅಭ್ಯಾಸ ಮನಸ್ಸನ್ನು ತಿದ್ದುವುದು ನಿಜ. ಆದರೆ ಆಗ ನಂಬಿಕೆ ಹುಟ್ಟಿಸಿದ್ದು ಆಚರಣೆಯೇ ಹೊರತು ಪಣವಲ್ಲ. ನಂಬಿಕೆ ಪಣದಿಂದ ಹುಟ್ಟುವುದಿಲ್ಲ ಎಂಬುದಕ್ಕೆ ಪಾಸ್ಕಲ್‌ನ ಬದುಕೇ ಸಾಕ್ಷಿ. 1662ರಲ್ಲಿ ಆತ ತೀರಿಕೊಂಡ ಮೇಲೆ, ಅಂಗಿಯ ಅಸ್ತರಿನೊಳಗೆ ಹೊಲಿದಿಟ್ಟ ಬರಹವೊಂದು ಸಿಕ್ಕಿತು. 1654ರ ನವೆಂಬರ್ 23ರ ರಾತ್ರಿ ತನಗಾದ ದೈವಾನುಭವವನ್ನು ಆತ ಅದರಲ್ಲಿ ಬರೆದಿಟ್ಟಿದ್ದ. ಅದರಲ್ಲಿ ಲಾಭನಷ್ಟದ ಲೆಕ್ಕವಿಲ್ಲ. ತಾನು ಯಾವ ದಾರಿಯಿಂದ ದೇವರನ್ನು ಸೇರಿದನೋ ಆ ದಾರಿಯನ್ನು ಬಿಟ್ಟು, ಸಂಶಯವಾದಿಗಳಿಗೆ ಅವರದೇ ಭಾಷೆಯಲ್ಲಿ ಆತ ಬೇರೊಂದನ್ನು ತೋರಿಸಿದ.